ಓಬಳಪ್ಪನವರು ತಿರುಗಿಸಿದ ಮೂಲೆ

ಡ್ರೈವರ್ ಓಬಳಪ್ಪನವರು ರಿಟೈರ್ ಆಗಿ ಎರಡು ವರ್ಷವಾಯಿತು. ಅವರ ಬಲಗಾಲು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇದೆ. ಕಾಫಿ ಕುಡಿಯುತ್ತ ಕೂತಿದ್ದಾಗ ಬೀದಿಯಲ್ಲಿ ನಾಯಿ ಅಡ್ಡ ಬಂದರೆ ಸಾಕು, ಬ್ರೇಕ್ ಎಂದು ನೆಲ ಒತ್ತುತ್ತಾರೆ. ರಾಯದುರ್ಗದಿಂದ ಬಳ್ಳಾರಿ, ಕಲ್ಯಾಣದುರ್ಗ, ಅನಂತಪುರ ಎಂದು ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ಒಂದು ಕೋಳಿಯನ್ನೂ ಕೊಂದಿಲ್ಲ ಎಂದು ಅವರೇ ಹೇಳುತ್ತಾರೆ. ಕೋಳಿಗಳು ಇದುವರೆಗೆ ಬಂದು ಅಲ್ಲಗಳೆದಿಲ್ಲ.

ಮನೆಯಲ್ಲಿ ಕೂತರೆ ಅವರಿಗೆ ಮೈಯೆಲ್ಲ ಮುಳ್ಳು. ಬೆಳಿಗ್ಗೆ ಐದಕ್ಕೇ ಎದ್ದು, ಊರ ನಡುವೆ ಹೊಸ ಬಸ್ ಸ್ಟ್ಯಾಂಡ್ ಏಳುತ್ತಿರುವ ಜಾಗಕ್ಕೆ ಹೋಗುತ್ತಾರೆ. ಪ್ಲಾಟ್‌ಫಾರಂ ಎಷ್ಟು ಎತ್ತರ ಇರಬೇಕೆಂದು ಮೇಸ್ತ್ರಿಗೆ ಪಾಠ ಹೇಳಿ, ಬೈಸಿಕೊಂಡು ಬರುತ್ತಾರೆ. ಸಂಜೆ ಮತ್ತೆ ಹೋಗುತ್ತಾರೆ.

ಹೆಂಡತಿ ಸಣ್ಣಕ್ಕ ಇದಕ್ಕೆ ತದ್ವಿರುದ್ಧ. ಮನೆ ಮುಂದಿನ ಕಟ್ಟೆಯ ಮೇಲೆ, ತಗಡಿನ ನೆರಳಿನಲ್ಲಿ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟುಗಳಿಗೆ ಬೆಲ್ಟಿನ ಪಟ್ಟಿ ಹೊಲಿಯುತ್ತಾರೆ. ಒಳಗೆ ಕತ್ತಲೆ, ನೀಲಿ ಬಟ್ಟೆಯ ಮೇಲೆ ನೀಲಿ ದಾರ ಕಾಣುವುದಿಲ್ಲ. ಗಂಡ ಊರೂರು ಸುತ್ತುತ್ತಿದ್ದಾಗ ಅವರು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು ಆ ಕಟ್ಟೆಯ ಮೇಲೆ ಕೂತೇ.

ಹೊಸ ಬಸ್ ಸ್ಟ್ಯಾಂಡಿನ ಜೊತೆಗೆ ಟೌನ್ ಬಸ್ಸುಗಳೂ ಬರುತ್ತವೆ ಎಂದಾಗ ನಮ್ಮ ಬೀದಿಗೆ ಹಬ್ಬ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬಿಸಿಲಲ್ಲಿ ಎರಡು ಮೈಲಿ ಸವೆಸುವುದು ತಪ್ಪುತ್ತದಲ್ಲ. ಆಮೇಲೆ ನಕ್ಷೆ ಬಂತು. ಬಸ್ಸು ಹೋಗುವುದು ನಮ್ಮ ಬೀದಿಯಲ್ಲೇ, ತಿರುಗುವುದು ಓಬಳಪ್ಪನವರ ಮನೆ ಮೂಲೆಯಲ್ಲೇ. ಹಬ್ಬ ಅಲ್ಲಿಗೆ ಮುಗಿಯಿತು. ಇದ್ದ ಜಾಗದಲ್ಲೇ ಬಸ್ಸು ತಿರುಗಿದರೆ ಯಾರ ಮನೆಯನ್ನೂ ಮುಟ್ಟುವುದಿಲ್ಲ, ತಿರುಗದಿದ್ದರೆ ಮೂಲೆಯ ನಾಲ್ಕು ಮನೆಗಳ ಕಟ್ಟೆ ಒಡೆಯುತ್ತೇವೆ ಎಂದು ಡಿಪೋ ಸಾಹೇಬರು ಖಡಾಖಂಡಿತವಾಗಿ ಹೇಳಿದರು. ನಾಲ್ಕರಲ್ಲಿ ಒಂದು ಓಬಳಪ್ಪನವರದು, ಒಂದು ನನ್ನದು.

ನಾನು, ಎದುರು ಮನೆಯ ತಿರುಪತಿ, ಇನ್ನಿಬ್ಬರು ಸೇರಿ ಅವರ ಹತ್ತಿರ ಹೋದೆವು. ಹೊಗಳಿದರೆ ಉಬ್ಬುವ ಮನುಷ್ಯ ಎಂದು ಗೊತ್ತಿದ್ದೇ ಹೋದದ್ದು.

"ಈ ಮೂಲೀಗೆ ಬಸ್ ತಿರುಗಸಾಕ ನಿಮ್ಮ ಕೈಯೇ ಆಗಬೇಕ್ರಿ," ಎಂದ ತಿರುಪತಿ. "ನೀವೊಮ್ಮೆ ತಿರುಗಿಸಿ ತೋರಿಸಿಬಿಟ್ರ ಸಾಹೇಬ್ರ ಬಾಯಿ ಬಂದ್."

"ಅದೇನ್ ದೊಡ್ಡದು," ಎಂದು ಓಬಳಪ್ಪನವರು ಆಗಲೇ ಎದ್ದು ನಿಂತಿದ್ದರು. ಸಣ್ಣಕ್ಕ ತಲೆ ಎತ್ತದೆ, "ನನ್ನ ಕಟ್ಟಿ ಉಳಿಸ್ರಿ, ಅಷ್ಟ ಸಾಕು," ಎಂದರು. ಒಮ್ಮೆ ಓಡಿಸಿ ನೋಡಲು ಸಾಹೇಬರೂ ಒಪ್ಪಿದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಖಾಲಿ ಬಸ್ಸು ಬಂತು. ಓಬಳಪ್ಪನವರು ಟ್ರಂಕಿನಿಂದ ಖಾಕಿ ಅಂಗಿ ತೆಗೆದು ಹಾಕಿಕೊಂಡಿದ್ದರು, ಹೊಟ್ಟೆಯ ಗುಂಡಿ ಮಾತ್ರ ಕೂಡಿರಲಿಲ್ಲ. ಮುಂದೆ ಈ ರೂಟಿನಲ್ಲಿ ಓಡಿಸಬೇಕಾದ ಹುಡುಗು ಡ್ರೈವರ್ ಹನುಮೇಶ್ ಪಕ್ಕದಲ್ಲಿ ಕೂತಿದ್ದ. ಬಸ್ಸಿನ ಮೂಗು ತಿರುಪತಿಯ ಗೋಡೆಗೆ ಮುತ್ತಿಡುವ ತನಕ ಹೋಗಿ ಹೊರಳಿತು. ಮೂಗು ಆಚೆ ಬೀದಿಗೆ ಬಂತು, ಎಲ್ಲಿಯೂ ತಾಗಲಿಲ್ಲ. ಆದರೆ ಹಿಂಭಾಗ ಇನ್ನೂ ಸಣ್ಣಕ್ಕನ ಕಟ್ಟೆಯ ಪಕ್ಕದಲ್ಲಿರುವಾಗಲೇ ಬಸ್ಸು ಗಕ್ಕನೆ ನಿಂತುಬಿಟ್ಟಿತು.

ನಾವು ಶಿಳ್ಳೆ ಹಾಕಿದೆವು. "ಸೂಪರ್ ಪೆದ್ದಾಯನಾ!" ಎಂದು ಸಾಹೇಬರು ತೆಲುಗಿನಲ್ಲಿ ಹಿರಿಯರನ್ನು ಹೊಗಳಿ ಕೂಗಿ, ಬಸ್ಸು ತಿರುಗುತ್ತದೆ ಎಂದು ಕಾಗದದ ಮೇಲೆ ಬರೆದೇಬಿಟ್ಟರು. ಓಬಳಪ್ಪನವರು ಮಾತ್ರ ಇಳಿದು, ಯಾರ ಮುಖವನ್ನೂ ನೋಡದೆ ಹೆಂಡತಿಯ ಹತ್ತಿರ ಓಡಿದರು. ಸಣ್ಣಕ್ಕ ಮಿಷನ್ ಮುಂದೆ ಕೂತೇ ಇದ್ದರು.

"ಎದ್ದು ಒಳಗ ಹೋಗಾಕ ಏನಾಗಿತ್ತು ನಿನಗ?" ಓಬಳಪ್ಪನವರು ಬಸ್ಸಿನ ಪಕ್ಕದ ಕನ್ನಡಿಯತ್ತ ಕೈ ತೋರಿಸಿದರು. "ಕನ್ನಡ್ಯಾಗ ನೋಡಿದ್ರ ಇಲ್ಲೇ ಕುಂತೀಯಲ್ಲ!"

"ಯಾಕ ಏಳ್ಲಿ? ಓಡಸ್ತಿದ್ದದ್ದು ನೀವಲ್ಲೇನ್ರಿ?"

ಓಬಳಪ್ಪನವರು ಮುಖ ಒರೆಸಿಕೊಂಡರು. ಆಮೇಲೆ ಹನುಮೇಶನ ಕಡೆ ತಿರುಗಿ, "ದಿನಕ್ಕ ಹನ್ನೆರಡು ಸಲ ತಿರುಗಸ್ತೀಯೇನಪ್ಪ, ಜನ ತುಂಬ್ಕೊಂಡು?" ಎಂದು ಕೇಳಿದರು.

"ಟ್ರೈ ಮಾಡ್ತೀನಿ ಅಣ್ಣಾ," ಎಂದ ಅವನು.

"ಟ್ರೈ ಅಂದ್ರ ಹೆಂಗಪ್ಪ? ಇಲ್ಲಿ ಕುಂತಾಕಿ ನನ್ನ ಹೆಂಡ್ತಿ." ಸಾಹೇಬರಿಗೆ ಕೈ ಮುಗಿದರು. "ಸಾರ್, ಬಸ್ಸು ತಿರುಗಲ್ಲ ಅಂತ ಬರಕೊಳ್ರಿ."

"ಈಗ ತಿರುಗಿತಲ್ಲ?"

"ಅದು ನಾ ತಿರುಗಿಸಿದ್ದು. ನಾ ದಿನಾ ಬರಾಂಗಿಲ್ಲಲ್ರಿ."

ಆಮೇಲೆ ಬೀದಿಯಲ್ಲಿ ಎದ್ದ ಗದ್ದಲ ಹೇಳಲು ನಾಚಿಕೆ. ತಿರುಪತಿ ಅವರನ್ನು ಮನೆಹಾಳ ಎಂದ. ನಾನೂ ಬೈದೆ, ಸುಳ್ಳೇಕೆ? ಕೈಯಾರೆ ಗೆದ್ದದ್ದನ್ನು ಬಾಯಾರೆ ಕಳೆದರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಸಾಹೇಬರು ಬರೆದದ್ದನ್ನು ಹೊಡೆದು ಹಾಕಿದರು.

ಸಣ್ಣಕ್ಕ ಮಾತ್ರ ಕೂಗಾಡಲಿಲ್ಲ. "ಬೇರೆಯೋರು ಓಡಿಸಿದ್ರ ನಾ ಏಳ್ತಿದ್ನಲ್ರಿ," ಎಂದರು. "ನನ್ನ ಕಟ್ಟಿ ಯಾಕ ಕಳದ್ರಿ?"

"ಒಂದಿನ ಏಳಾದು ಮರೀತಿ, ಸಣ್ಣೀ."

ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಸಣ್ಣಕ್ಕ ಅದರ ಕಡೆ ತಿರುಗಿದರು. ಕೂತಲ್ಲಿಂದಲೇ ಬಗ್ಗಿ, ಕಟ್ಟೆಗೂ ಬಸ್ಸಿನ ತಗಡಿಗೂ ನಡುವಿನ ಸಂದಿಗೆ ಅಂಗೈ ನೀಡಿದರು. ನಾಲ್ಕು ಬೆರಳು ಹಿಡಿಸಿದವು, ಹೆಬ್ಬೆರಳು ಹಿಡಿಸಲಿಲ್ಲ. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಸೂಜಿಯಿಂದ ದಾರ ಎಳೆದು, ಅರ್ಧ ಹೊಲಿದ ಪ್ಯಾಂಟನ್ನು ಮಡಚಿದರು.

"ಆ ಕಡೆ ಹಿಡೀರಿ," ಎಂದರು ಗಂಡನಿಗೆ. "ಮಿಷನ್ ಒಳಗ ಇಡಾಣ."