ನಾಕ ಎಲ್ಲಿ ಐತಿ

ಅಕ್ಕನ ಕಂಪ್ಯೂಟರ್ ಮೂರು ಸಲ ಪೀಂ ಎಂದು ಸುಮ್ಮನಾಗಿತ್ತು. ಪರದೆ ಕಪ್ಪು. ಕರಜಗಿಯ ಕನ್ನಡ ಶಾಲೆಯ ಪ್ರಶ್ನೆಪತ್ರಿಕೆಗಳು ಅದರೊಳಗಿದ್ದವು, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಬೇಕು. ಈ ಸಲ ತಡವಾದರೆ ಟೈಪಿಂಗ್ ಕೆಲಸ ಬೇರೆಯವರಿಗೆ ಎಂದು ಹೆಡ್‌ಮಾಸ್ತರರು ಮೊದಲೇ ಹೇಳಿದ್ದರು. ಅಕ್ಕನಿಗಿದ್ದದ್ದು ಅದೊಂದೇ ಕೆಲಸ.

ನಾನು ಸೊಲ್ಲಾಪುರದಲ್ಲಿದ್ದೆ, ಅಕ್ಕ ಫೋನಿನಲ್ಲಿ ಹೇಳಿದಳು. ಪೀಂ ಸದ್ದಿನ ವರ್ಣನೆ ಕೇಳಿಯೇ ಕಂಪ್ಯೂಟರ್ ಅಂಗಡಿಯವನು ರ‍್ಯಾಮ್ ಹೋಗಿದೆ ಎಂದ.

"ಮದರ್‌ಬೋರ್ಡ್ ಯಾವುದ್ರಿ?"

"ಹಳೇದು."

"ಹಳೇದಂದ್ರ ಡಿಡಿಆರ್ ಥ್ರೀನೂ ಇರತದ, ಫೋರೂ ಇರತದ. ಸ್ಲಾಟಿನ್ಯಾಗ ನಾಕ ಇರತದ ನೋಡ್ರಿ. ನಡುವ ಇದ್ರ ಫೋರ್, ಬಾಜೂಕ ಸರದಿದ್ರ ಥ್ರೀ. ಮನೀಗಿ ಫೋನ್ ಹಚ್ಚಿ ಕೇಳ್ರಿ."

ನಾಕ ಎಂದರೆ ಮರಾಠಿಯಲ್ಲಿ ಮೂಗು. ರ‍್ಯಾಮ್ ಕೂರುವ ಸೀಳಿನೊಳಗೆ, ಅಂದರೆ ಸ್ಲಾಟಿನೊಳಗೆ, ಎದ್ದಿರುವ ಸಣ್ಣ ದಿಬ್ಬವದು. ರ‍್ಯಾಮಿನ ಅಂಚಿನ ಕಚ್ಚು ಅದರ ಮೇಲೆ ಕೂರಬೇಕು. ಥ್ರೀ, ಫೋರ್ ಬೇರೆ ಬೇರೆ ಜಾತಿ, ಒಂದರ ಜಾಗದಲ್ಲಿ ಇನ್ನೊಂದು ಕೂರದು. ನನಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ನಾಲ್ಕಕ್ಕೂ ನಾಕ ಎನ್ನುತ್ತೇವೆ ಎಂಬುದು ಮಾತ್ರ ಹೊಳೆಯಲಿಲ್ಲ.

"ಅಕ್ಕಾ, ಡಬ್ಬಿ ತಗದು ನೋಡು. ರ‍್ಯಾಮ್ ಹಾಕೂದರಾಗ ನಾಕ ಅದಾವೇನ, ನಡುವ?"

"ಹೂಂ, ನಾಕ ಅದಾವ. ನಡುವನ ಅದಾವ."

ಅವಳು ಎಣಿಸಿದ್ದು ಸ್ಲಾಟುಗಳನ್ನು. ಬೋರ್ಡಿನ ನಡುವೆ ನಾಲ್ಕಿದ್ದವು. ನಾನು ಫೋರ್ ಕೊಂಡು ಹೊರಟೆ.

ಬಸ್ಸಿನಲ್ಲಿ ಕುಂಭಾರಿಯವರೆಗೆ ನಿಂತೇ ಬಂದೆ ಎಂದು ಬರೆಯಹೊರಟೆ. ಅದು ಬೇರೆ ದಿನವಿರಬೇಕು. ರ‍್ಯಾಮಿನ ಪೊಟ್ಟಣವನ್ನು ಅಂಗಿಯ ಜೇಬಿನಲ್ಲಿ ಮುಟ್ಟಿಮುಟ್ಟಿ ನೋಡುತ್ತಿದ್ದದ್ದು ನಿಜ. ಬೆರಳಿಗೆ ಆ ನೆನಪಿದೆ, ನನಗಿಲ್ಲ.

ಮನೆಯಲ್ಲಿ ರ‍್ಯಾಮ್ ಕೂರಲಿಲ್ಲ. ಒತ್ತಿದೆ. ಬೋರ್ಡು ಬಾಗಿತು. ಇನ್ನೊಂದು ತುದಿಯಿಂದ ಒತ್ತಿದೆ. ಎಲ್ಲೋ ಚಿರ್ ಎಂದಿತು.

"ತಮ್ಮಾ, ಕೈ ತಗಿ," ಎಂದಳು ಅಕ್ಕ. "ಚಪಾತಿ ಲಟ್ಟಸಾಕತ್ತಿ ಏನು?"

ಬಗ್ಗಿ ನೋಡಿದೆವು. ಕಚ್ಚು ಒಂದು ಕಡೆ, ದಿಬ್ಬ ಇನ್ನೊಂದು ಕಡೆ.

"ನಾಕ ನಡುವ ಐತಿ ಅಂದಿದ್ದಿ?"

"ನಾಕ ಅದಾವಲಾ. ಎಣಿಸು ಬೇಕಾದ್ರ."

ಇಬ್ಬರೂ ನಗಲಿಲ್ಲ. ನಕ್ಕೆವೆಂದು ಅಕ್ಕ ಈಗ ಹೇಳುತ್ತಾಳೆ. ಆ ಚಿರ್ ಸದ್ದು ಬೋರ್ಡಿನದೇ ಆಗಿದ್ದರೆ ಹೊಸ ರ‍್ಯಾಮ್ ತಂದೂ ಪ್ರಯೋಜನವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಂಗಡಿ ಎಂಟಕ್ಕೆ ಮುಚ್ಚುತ್ತದೆ. ಸುಟ್ಟ ಹಳೆಯ ರ‍್ಯಾಮನ್ನೇ ಅಳತೆಗೆಂದು ಕರವಸ್ತ್ರದಲ್ಲಿ ಸುತ್ತಿಕೊಂಡು, ಕೂರದ ಹೊಸದನ್ನು ಬದಲಿಸಲು ಐದೂವರೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಚಿರ್. ಬಸ್ಸಿನ ಕಿಟಕಿಯೂ ಹಾಗೇ ಅನ್ನುತ್ತಿತ್ತು.

ಅಂಗಡಿಯವನು ಕತೆ ಕೇಳಿ ಟೇಬಲ್ಲಿಗೆ ಹಣೆ ಹಚ್ಚಿದ. "ಸಾಹೇಬ್ರ, ಇನ್ನ ಮ್ಯಾಲ ಮೂಗು ಅಂತೀನ್ರಿ."

ಹಳೆಯದರ ಮೇಲೆ ಬದಲಿಗೆ ಕೊಟ್ಟ ಥ್ರೀಯನ್ನಿಟ್ಟು ಟ್ಯೂಬ್‌ಲೈಟಿಗೆ ಹಿಡಿದ. ಎರಡು ಕಚ್ಚುಗಳ ಮೂಲಕ ಒಂದೇ ಬೆಳಕು ತೂರಿ ಬಂತು. ಇನ್ನೊಮ್ಮೆ ಹಿಡಿ ಎಂದೆ. ಹಿಡಿದ. ಮೂರನೆಯ ಸಲ ನನ್ನ ಕೈಗೇ ಕೊಟ್ಟು ಶಟರಿನ ಕಡೆ ಹೋದ.

ರಾತ್ರಿ ಮನೆಯಲ್ಲಿ ಅಕ್ಕನೇ ಅದನ್ನು ಕೂರಿಸಿದಳು. ನನ್ನನ್ನು ಮುಟ್ಟಗೊಡಲಿಲ್ಲ. ಒಂದೇ ಪೀಂ, ಆಮೇಲೆ ಬೆಳಕು.

ಪತ್ರಿಕೆಗಳು ಬೆಳಿಗ್ಗೆ ಕರಜಗಿಗೆ ಹೋದವು. 'ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ' ಎಂಬಲ್ಲೆಲ್ಲ ಅಕ್ಷರ ತೆಗೆದು ೪ ಎಂದು ಅಂಕಿ ಹಾಕಿದೆ ಎನ್ನುತ್ತಾಳೆ ಅಕ್ಕ. ಆ ಹಾಳೆ ನಾನು ನೋಡಿಲ್ಲ.