ಕಾಲು ಮುಂದಾಗಿ ಹುಟ್ಟಿದವನ ಬೆಳ್ತಂಗಡಿ ಪ್ರಯಾಣ

ಬೆಳಿಗ್ಗೆ ಏಳೂವರೆಗೆ ಬಂಟ್ವಾಳದಿಂದ ಹೊರಡಬೇಕಿದ್ದ ಬೆಳ್ತಂಗಡಿ ಬಸ್ಸು ಎಂಟೂಕಾಲಿಗೆ ಹೊರಟಿತು. ಇಪ್ಪತ್ತು ಮೈಲಿ ಚಿಲ್ಲರೆ ದಾರಿ, ಟಿಕೆಟು ಒಂದು ರೂಪಾಯಿ. ನನ್ನ ತೊಡೆಯ ಮೇಲೆ ಅಗಲವಾದ ಲಕೋಟೆ; ಅದರೊಳಗೆ ಬೊಂಬಾಯಿಯಲ್ಲಿ ಪಡೆದ ಪದವಿಪತ್ರ, ಜೊತೆಗೆ ಅದರ ಟೈಪು ಮಾಡಿಸಿದ ನಕಲು. ಮೂಡುಬಿದಿರೆಯ ಡಾಕ್ಟರೊಬ್ಬರು ನನ್ನ ಅರ್ಜಿಗೆ ಉತ್ತರವಾಗಿ, ತಮ್ಮ ಆಸ್ಪತ್ರೆಗೆ ಫಿಸಿಯೋಥೆರಪಿ ಕಲಿತವರು ಬೇಕೆಂದು ಬರೆದಿದ್ದರು. ಗೆಜೆಟೆಡ್ ಅಧಿಕಾರಿಯ ಸಹಿಯಿರುವ ನಕಲು ತರಬೇಕು, ಶನಿವಾರ ಸಂಜೆ ಐದರೊಳಗೆ ಕಾಣಬೇಕು. ಕಾಗದ ಕೈಗೆ ಸಿಕ್ಕಿದ್ದು ಶುಕ್ರವಾರ. ಬಂಟ್ವಾಳದಲ್ಲಿ ಸಹಿ ಹಾಕಬೇಕಾದವರು ರಜೆಯಲ್ಲಿದ್ದರು; ಅಂಥ ಇನ್ನೊಬ್ಬ ಅಧಿಕಾರಿ ಇದ್ದದ್ದು ಬೆಳ್ತಂಗಡಿಯಲ್ಲಿ. ಹಾಗಾಗಿ ಹದಿನೇಳು ಮೈಲಿಯಲ್ಲಿ ನೇರ ಮುಟ್ಟಬಹುದಾದ ಮೂಡುಬಿದಿರೆಗೆ ಬೆಳ್ತಂಗಡಿ, ವೇಣೂರುಗಳನ್ನು ಸುತ್ತಿ ಹೋಗುವ ಯೋಗ.

ಪಕ್ಕದಲ್ಲಿದ್ದ ಬೀಡಿ ಎಲೆಯ ವ್ಯಾಪಾರಿ ಲಕೋಟೆ ನೋಡಿ ಕೇಳಿದರು: "ಎಂತ ಕಲಿತದ್ದು?"

"ಕೈಕಾಲಿನ ಚಲನೆ, ಉಸಿರಾಟ, ವ್ಯಾಯಾಮ, ಇವುಗಳಿಂದ ರೋಗಿಯನ್ನು ಸರಿಮಾಡುವ ವಿದ್ಯೆ."

"ಅಂದ್ರೆ ಡ್ರಿಲ್ ಮಾಸ್ಟ್ರು."

"ಅಲ್ಲ. ಲಕ್ವ ಹೊಡೆದವರನ್ನು ನಡೆಸುವುದು, ಸೊಂಟ ಹಿಡಿದುಕೊಂಡರೆ ಬಿಡಿಸುವುದು."

"ಉಳುಕು ತೆಗೆಯುವುದು ಅಂತ ಹೇಳಿ ಮಾರಾಯ್ರೆ. ಕಾಲು ಮುಂದಾಗಿ ಹುಟ್ಟಿದವರಾ ನೀವು?"

ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು ಸೊಂಟಕ್ಕೆ ಮೆಲ್ಲನೆ ಮೂರು ಸಲ ಒದ್ದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. "ಇಲ್ಲ, ತಲೆಯೇ ಮುಂದೆ" ಎಂದೆ.

ಅದು ಸುಳ್ಳು. ನಾನು ಬಂದದ್ದು ಕಾಲು ಮುಂದಾಗಿಯೇ. ಅಪ್ಪ ಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ಅವರ ಜೊತೆಯವರೆಲ್ಲ ಸೊಂಟ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರುವರು. ಶಾಲೆಗೆ ಹೊರಡುವ ಮೊದಲು ಇಬ್ಬರಿಗಾದರೂ ಒದ್ದು ಹೋಗುವುದು ನನ್ನ ದಿನಚರಿಯಾಗಿತ್ತು. ಕೆಲವರಿಗೆ ಗುಣವಾಯಿತು, ಕೆಲವರಿಗೆ ಆಗಲಿಲ್ಲ. ಯಾಕೆ ಎಂದರೆ ಯಾರಲ್ಲೂ ಉತ್ತರವಿರಲಿಲ್ಲ. ಆ ಉತ್ತರ ಹುಡುಕಿಕೊಂಡೇ ಬೊಂಬಾಯಿಗೆ ಹೋದೆ. ಹಗಲು ಕಾಲೇಜು, ಸಂಜೆ ಊರಿನವರ ಹೋಟೆಲಿನಲ್ಲಿ ಲೋಟ ತೊಳೆಯುವುದು, ಹೀಗೆ ಮೂರು ವರ್ಷ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಹೆಸರು ಬರೆದವನು ನಾನು ಮೊದಲಿಗ. ಇನ್ನು ಯಾರಿಗೂ ಒದೆಯುವುದಿಲ್ಲ ಎಂದು ಪದವಿ ಸಿಕ್ಕಿದ ದಿನವೇ ನಿಶ್ಚಯಿಸಿದ್ದೆ.

ಹತ್ತು ಗಂಟೆಗೆ ಬೆಳ್ತಂಗಡಿ ತಲುಪಿದೆ. ಸೆಕೆ ಆಗಲೇ ಅಂಗಿಯನ್ನು ಬೆನ್ನಿಗೆ ಅಂಟಿಸಿತ್ತು. ಗೋಳಿಬಜೆ ತಿಂದು, ಚಹಾ ಕುಡಿದು, ಅಧಿಕಾರಿಯನ್ನು ಕಾಣಲು ಹೋದರೆ ಗುಮಾಸ್ತರು ತಲೆ ಎತ್ತದೆ ಹೇಳಿದರು: "ಸಾಹೇಬರು ಮನೆಯಲ್ಲಿದ್ದಾರೆ. ಸೊಂಟ ಹಿಡಿದು ಮೂರು ದಿನ ಆಯ್ತು. ಸಹಿ ಹಾಕ್ಲಿಕ್ಕೆ ಕೂತುಕೊಳ್ಬೇಕಲ್ಲ?"

ಮನೆ ಹತ್ತಿರದಲ್ಲೇ ಇತ್ತು. ಅಧಿಕಾರಿ ಚಾಪೆಯ ಮೇಲೆ ಓರೆಯಾಗಿ ಬಿದ್ದುಕೊಂಡು ನರಳುತ್ತಿದ್ದರು. ಬಂದ ಕಾರಣ ಹೇಳಿದೆ, ಕಲಿತ ವಿದ್ಯೆಯನ್ನೂ ಹೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಅವರ ತಾಯಿ ಒಳಗಿನಿಂದ ಬಂದರು.

"ಕಾಲು ಮುಂದಾಗಿ ಹುಟ್ಟಿದವರಾ?"

"ಅಲ್ಲಮ್ಮ."

"ಒದೆಯುವುದಿಲ್ವಾ?"

"ಒದೆಯುವುದಿಲ್ಲ."

"ಮತ್ತೆ ಬೊಂಬಾಯಿಗೆ ಹೋಗಿ ಎಂತ ಕಲಿತದ್ದು?"

ಹೌದು ಎಂದು ಮೂರು ಸಲ ಕಾಲು ತಾಗಿಸಿದ್ದರೆ ಐದು ನಿಮಿಷದ ಕೆಲಸ. ಒಂದು ಗಂಟೆಗೆ ಮೂಡುಬಿದಿರೆಯ ಬಸ್ಸು. ಆದರೂ ಮನಸ್ಸು ಒಪ್ಪಲಿಲ್ಲ. ಅವರನ್ನು ಅಂಗಾತ ಮಲಗಿಸಿ, ಸುತ್ತಿದ ಹಾಸಿಗೆಯ ಮೇಲೆ ಕಾಲಿನ ಮೀನಖಂಡ ಇರಿಸಿ, ಸೊಂಟದಡಿ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಕೊಟ್ಟೆ. ಹೊಟ್ಟೆ ಏಳುವಂತೆ ಉಸಿರೆಳೆದು ಮೆಲ್ಲನೆ ಬಿಡಲು ಹೇಳಿದೆ. ಪಾದ, ತೊಡೆ, ಹೆಗಲು, ದವಡೆ, ಒಂದೊಂದನ್ನೇ ಬಿಗಿಮಾಡಿ ಸಡಿಲಬಿಡಿಸಿದೆ. ನೋವಿನ ಹೆದರಿಕೆಯಿಂದಲೇ ಅರ್ಧ ಮೈ ಬಿಗಿದುಕೊಂಡಿರುತ್ತದೆ. ಅದನ್ನು ಬಿಡಿಸುವುದೇ ನಮ್ಮ ವಿದ್ಯೆಯ ದೊಡ್ಡ ಪಾಠ. ಮುಕ್ಕಾಲು ಗಂಟೆಯಲ್ಲಿ ಅವರ ಮುಖ ಸಡಿಲವಾಯಿತು, ಮೈ ಹಗುರವಾಯಿತು. ಮರುಕ್ಷಣ ಗೊರಕೆ ಕೇಳಿಸಿತು.

ಸಹಿ ಹಾಕಬೇಕಾದವರನ್ನು ನನ್ನ ಕೈಯಾರೆ ಮಲಗಿಸಿದ್ದೆ.

"ಅಮ್ಮ, ಒಂದು ಸಹಿ ಮಾತ್ರ. ಎಬ್ಬಿಸಬಹುದಾ?"

"ಮೂರು ದಿನದಿಂದ ಕಣ್ಣು ಮುಚ್ಚಿದವನಲ್ಲ. ಮುಟ್ಟಿ ನೋಡಿ, ಆಮೇಲೆ ಹೇಳ್ತೇನೆ."

ಒಂದು ಗಂಟೆಯ ಬಸ್ಸಿನ ಹಾರ್ನು ಅಲ್ಲಿಗೇ ಕೇಳಿಸಿತು. ಕುಚ್ಚಲಕ್ಕಿ ಅನ್ನ, ಬಸಳೆಯ ಸಾಂಬಾರು ಬಡಿಸಿದರು. ಅಷ್ಟು ರುಚಿಯಾದ ಊಟವನ್ನು ಅಷ್ಟು ಸಿಟ್ಟಿನಲ್ಲಿ ನಾನು ಬೇರೆಲ್ಲೂ ಉಂಡಿಲ್ಲ.

ಎರಡೂವರೆಗೆ ಅಧಿಕಾರಿ ಎಚ್ಚರಾದರು. ಮಗ್ಗುಲಾಗಿ, ಕೈಯೂರಿ, ನರಳದೆ ಎದ್ದು ಕುಳಿತು, ತಮ್ಮ ಸೊಂಟವನ್ನೇ ಎರಡು ಸಲ ಮುಟ್ಟಿ ನೋಡಿಕೊಂಡರು. ಸಹಿ ಹಾಕಿ, ಗುಮಾಸ್ತರನ್ನು ಕರೆಸಿ ಮೊಹರೂ ಒತ್ತಿಸಿಕೊಟ್ಟರು. ನನಗೆ ಎದೆಯುಬ್ಬಿತು. ತಾಯಿ ಬಾಗಿಲವರೆಗೆ ಬಂದು ದನಿ ತಗ್ಗಿಸಿದರು.

"ಹಾಸಿಗೆ ಸರಿಮಾಡುವಾಗ ನಿಮ್ಮ ಕಾಲು ಇವನ ಸೊಂಟಕ್ಕೆ ತಾಗಿತು. ನಾನು ನೋಡಿದ್ದೇನೆ."

"ಅಮ್ಮ, ಗುಣವಾದದ್ದು ಉಸಿರಾಟದಿಂದ."

"ಉಸಿರು ಅವನು ಹುಟ್ಟಿದ ದಿನದಿಂದ ಬಿಡ್ತಾ ಇದ್ದಾನೆ."

ಲಕೋಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್ಸಿನ ಕಡೆಗೆ ಓಡಿದೆ.

ಮೂರರ ಬಸ್ಸು ವೇಣೂರಿನಲ್ಲಿ ಡ್ರೈವರರ ಚಹಾಕ್ಕೆಂದು ಇಪ್ಪತ್ತು ನಿಮಿಷ ನಿಂತಿತು. ಮೂಡುಬಿದಿರೆಯಲ್ಲಿ ಇಳಿದು ಓಡಿದಾಗ ಐದೂ ಹತ್ತು. ಡಾಕ್ಟರು ತಮ್ಮ ಕೋಣೆಯ ಬಾಗಿಲಿಗೆ ಬೀಗ ಹಾಕುತ್ತಿದ್ದರು. ಏದುಸಿರಿನಲ್ಲೇ ಲಕೋಟೆ ನೀಡಿದೆ. ಅವರು ಪದವಿಪತ್ರವನ್ನು ಓದಿ, ಸಹಿಯಾದ ನಕಲನ್ನು ನನಗೇ ಹಿಂದೆ ಕೊಟ್ಟರು.

"ಅಸಲೇ ಉಂಟಲ್ಲ, ಇದು ಯಾಕೆ?"

"ನೀವೇ ಬರೆದಿದ್ದಿರಿ, ಸರ್."

"ಬರೆದಿದ್ದೆನಾ? ಇರಲಿ. ತಡ ಯಾಕೆ?"

"ಬೆಳ್ತಂಗಡಿಯಲ್ಲಿ ಸೊಂಟ ಹಿಡಿದವರೊಬ್ಬರನ್ನು ಮಲಗಿಸಿದೆ. ಅವರು ಏಳುವವರೆಗೆ ಕಾಯಬೇಕಾಯ್ತು."

"ಎದ್ದರಾ?"

"ಎದ್ದು ಕುಳಿತು ಹಾಕಿದ ಸಹಿಯೇ ಅದು."

ಅವರು ನಕಲನ್ನು ಮತ್ತೆ ಇಸಿದುಕೊಂಡು ಸಹಿಯನ್ನು ನೋಡಿದರು. "ಪೋಲಿಯೋ ಆದ ಆರು ಮಕ್ಕಳಿದ್ದಾರೆ. ಸೋಮವಾರ ಬನ್ನಿ" ಎಂದರು. ಬೇರೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲವೆಂದು ಬೀಗದ ಕೈ ಜೇಬಿಗೆ ಹಾಕುತ್ತಾ ತಿಳಿಸಿದರು.

ಸಿದ್ಧಕಟ್ಟೆಯ ನೇರ ದಾರಿಯ ಬಸ್ಸಿನಲ್ಲಿ ಬಂಟ್ವಾಳಕ್ಕೆ ಮರಳಿದೆ. ಅಮ್ಮ ದೀಪ ಹಚ್ಚಿ ಜಗಲಿಯಲ್ಲಿ ಕುಳಿತಿದ್ದಳು. ನನ್ನನ್ನು ಕಾಲು ಮುಂದಾಗಿ ಹೆರಲು ಎರಡು ದಿನ ನೋವು ತಿಂದವಳು. ಆ ಹೆಮ್ಮೆ ಅವಳಿಗೆ ಇವತ್ತಿಗೂ ಉಂಟು.

"ಕೆಲಸ ಆಯ್ತಾ ಮಗಾ?"

"ಆಯ್ತಮ್ಮ."

"ಕಾಲಿನ ಕೆಲಸವಾ, ಕೈಯದ್ದಾ?"

"ಕೈಯದ್ದು."

ಅವಳು ನನ್ನ ಪಾದಗಳನ್ನು ನೋಡಿ, ನೀರಿನ ಚೆಂಬು ಮುಂದೆ ಸರಿಸಿದಳು.

"ಹಾಗಾದ್ರೆ ಕಾಲು ತೊಳೆದು ಒಳಗೆ ಬಾ."