ಆರು ತಟ್ಟೆ ಹುಳು, ಎರಡು ಗೆರೆ ಪೆಟ್ರೋಲು

ಬೆಳಿಗ್ಗೆ ಐದೂವರೆಗೆ ಶಿರಾದ ನಮ್ಮ ಮನೆ ಬಿಟ್ಟಾಗ ಕಾರಿನಲ್ಲಿ ಎರಡು ಗೆರೆ ಪೆಟ್ರೋಲಿತ್ತು. ಇನ್ನು ನೂರ ಅರವತ್ತೈದು ಕಿಲೋಮೀಟರ್ ಓಡಬಹುದೆಂದು ಎದುರಿನ ಪರದೆ ತೋರಿಸುತ್ತಿತ್ತು. ನಾವು ಮಧುಗಿರಿಯ ಮೇಲೆ ಕೊರಟಗೆರೆಗೆ ಹೋಗಿ, ಅದೇ ದಾರಿಯಲ್ಲಿ ಮಧುಗಿರಿಗೆ ಹಿಂದಿರುಗಿ, ಪಾವಗಡ ದಾಟಿ ನಾಗಲಮಡಿಕೆಯ ಹತ್ತಿರದ ಮಾವನ ಊರು ಸೇರಬೇಕಿತ್ತು. ಹಾಳೆಯ ಮೇಲೆ ಕೂಡಿಸಿದರೆ ಸುಮಾರು ನೂರೈವತ್ತು ಬರುತ್ತಿತ್ತು. ಉಳಿಯುವುದು ಹದಿನೈದು. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಎದ್ದು ನೋಡುವ ನನ್ನಂಥವಳಿಗೆ ಹದಿನೈದು ಕಿಲೋಮೀಟರ್ ಏನೇನೂ ಸಾಲದು.

ಪೆಟ್ರೋಲ್ ಹಾಕಿಸಿಕೊಂಡು ಹೊರಡಬಹುದಿತ್ತಲ್ಲ ಎಂದು ಕೇಳಬೇಡಿ. ಬಂಕಿನವರು ಮುಷ್ಕರ ಹೂಡಿ ಎರಡು ದಿನದಿಂದ ಲೋಡ್ ತರಿಸಿರಲಿಲ್ಲ. ಹೆದ್ದಾರಿಯ ಬಂಕುಗಳಿಗೆಲ್ಲ ಹಗ್ಗ ಕಟ್ಟಿ ‘ಸ್ಟಾಕ್ ಇಲ್ಲ’ ಎಂದು ಬರೆದ ರಟ್ಟು ತೂಗುಹಾಕಿದ್ದರು. ಆ ಮುಷ್ಕರದಿಂದಲೇ ಈ ಪ್ರಯಾಣವೂ ನನ್ನ ತಲೆಯ ಮೇಲೆ ಬಿದ್ದದ್ದು. ಕೊರಟಗೆರೆಯ ಬಳಿಯ ಚಾಕಿ ಕೇಂದ್ರದವರು, ಎಂದರೆ ರೇಷ್ಮೆ ಹುಳುಗಳನ್ನು ಎಳೆಯ ಹಂತ ದಾಟುವವರೆಗೆ ಸಾಕಿ ರೈತರಿಗೆ ಕೊಡುವವರು, ತಮ್ಮ ಟೆಂಪೋಗೆ ಡೀಸೆಲ್ ಇಲ್ಲ, ನಿಮ್ಮ ಹುಳು ನೀವೇ ಒಯ್ದುಕೊಳ್ಳಿ ಎಂದು ಮಾವನಿಗೆ ಫೋನ್ ಮಾಡಿದ್ದರು. ಮಾವ ಹಿಂದಿನ ಸಂಜೆಯ ಬಸ್ಸು ಹತ್ತಿ ಶಿರಾಕ್ಕೆ ನಮ್ಮ ಮನೆಗೆ ಬಂದುಬಿಟ್ಟರು.

ನಂಜಪ್ಪ ಮಾವ ನನ್ನ ತಾಯಿಯ ತಮ್ಮ. ಇಪ್ಪತ್ತೆಂಟು ವರ್ಷ ಸರ್ಕಾರಿ ಬಸ್ಸು ಓಡಿಸಿದವರು, ಅದರಲ್ಲಿ ಬಹುಪಾಲು ಮಧುಗಿರಿ–ಪಾವಗಡದ ದಾರಿಯಲ್ಲೇ. ಡೀಸೆಲ್ ಉಳಿಸಿದ್ದಕ್ಕೆ ಡಿಪೋದಲ್ಲಿ ಕೊಟ್ಟ ಗೋಡೆ ಗಡಿಯಾರ ಇವತ್ತಿಗೂ ಅವರ ನಡುಮನೆಯಲ್ಲಿದೆ. ನಿವೃತ್ತರಾದ ಮೇಲೆ ಹಿಪ್ಪುನೇರಳೆ ತೋಟ ಮಾಡಿ ಹುಳು ಸಾಕಲು ನಿಂತರು. ಕಣ್ಣಿಗೆ ಪೊರೆ ಬಂದು ಒಂದರದ್ದು ತೆಗೆಸಿದ್ದಾರೆ, ಇನ್ನೊಂದು ಬಾಕಿಯಿದೆ. ಹಾಗಾಗಿ ಸ್ಟೇರಿಂಗ್ ಮುಟ್ಟುವುದನ್ನು ಬಿಟ್ಟಿದ್ದರು, ಬಾಯಲ್ಲಿ ಓಡಿಸುವುದನ್ನು ಬಿಟ್ಟಿರಲಿಲ್ಲ. ಹಿಂದಿನ ಎರಡು ಬೆಳೆಯೂ ಕೊನೆಯ ಜ್ವರದಲ್ಲಿ ಕೆಟ್ಟಿದ್ದವು. ಹುಳು ಮೇವು ಬಿಟ್ಟು ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಈ ಸಲವೂ ಕೆಟ್ಟರೆ ತೋಟ ಕಿತ್ತು ಜೋಳ ಬಿತ್ತುವುದೇ ಎಂದು ಸಾಕಮ್ಮ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಕಾರಿಗೆ ಹತ್ತುವ ಮೊದಲು ಮಾವ ಒಳಗೆ ತಲೆ ಹಾಕಿ ಮೂಸಿದರು. ಕನ್ನಡಿಗೆ ನಾನು ಆಸೆಯಿಂದ ತೂಗುಬಿಟ್ಟಿದ್ದ ಮಲ್ಲಿಗೆ ಸೆಂಟಿನ ಪುಟ್ಟ ಬಾಟಲಿ ಕಿತ್ತು ಕಾಂಪೌಂಡಿನ ಮೇಲಿಟ್ಟರು. "ಹುಳಕ್ಕೆ ಇದು ವಿಷ ಕಣಮ್ಮ. ನೀನೇನಾರ ಪೌಡ್ರು ಹಾಕ್ಕಂಡಿದ್ಯಾ?" ಎಂದರು. ಹಾಕಿಕೊಂಡಿದ್ದೆ. ಮುಖ ತೊಳೆದು ಬಂದೆ.

ಕಾರು ಕೊಂಡು ಒಂದು ತಿಂಗಳಾಗಿತ್ತು. ಯಾರೋ ಓಡಿಸಿ ಬಿಟ್ಟ ಹೈಬ್ರಿಡ್. ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಯಾವಾಗ ಯಾವುದು ಓಡಬೇಕೆಂದು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ. ನಮಗೆ ಬಿಟ್ಟದ್ದು ಕೆಲವು ಗುಂಡಿಗಳು. ಇಕೋ ಒತ್ತಿದರೆ ಪೆಡಲ್ ಮಂದವಾಗಿ ಪೆಟ್ರೋಲ್ ಉಳಿಯುತ್ತದೆ, ಜೊತೆಗೆ ಎ.ಸಿ.ಯ ಗಾಳಿಯೂ ಸಣ್ಣಗಾಗುತ್ತದೆ. ನಾರ್ಮಲ್ ಎಂದರೆ ಮಾಮೂಲು. ಪವರ್ ಎಂಬುದನ್ನು ನಾನು ಹೆದರಿ ಒತ್ತಿಯೇ ಇಲ್ಲ. ಇ.ವಿ. ಎಂಬುದು ಬರೀ ಬ್ಯಾಟರಿಯ ಓಟ, ನಿಧಾನಕ್ಕೆ ಹೋದರೆ ಒಂದೆರಡು ಕಿಲೋಮೀಟರ್ ಮಾತ್ರ. ನಾನು ಕೆಲಸ ಮಾಡುವ ಅಂಚೆ ಕಚೇರಿಯ ಊಟದ ಬಿಡುವಿನಲ್ಲಿ ಕಾರಿನ ಪುಸ್ತಕವನ್ನು ಪೆನ್ಸಿಲ್ ಗುರುತು ಹಾಕಿಕೊಂಡು ಓದಿದವಳು ನಾನು. ಆದರೂ ಪರೀಕ್ಷೆಗೆ ಕೂತ ಹಾಗಿತ್ತು.

ಕೊರಟಗೆರೆಯವರೆಗೆ ಇಕೋದಲ್ಲೇ, ಎ.ಸಿ. ಇಲ್ಲದೆ, ಕಿಟಕಿ ಇಳಿಸಿಕೊಂಡು ಬಂದೆವು. ಮಾರ್ಚ್ ಕೊನೆಯಾದರೂ ಆ ಹೊತ್ತಿನ ಗಾಳಿ ತಂಪಾಗಿತ್ತು. ಮಧುಗಿರಿಯ ಬೆಟ್ಟ ಎಡಗಡೆ ಇನ್ನೂ ಕಪ್ಪಗೆ ನಿಂತಿತ್ತು. ಏಳೂಕಾಲಿಗೆ ಕೊರಟಗೆರೆ ಮುಟ್ಟಿ, ಬಸ್ ನಿಲ್ದಾಣದ ಎದುರು ಮೂವತ್ತು ರೂಪಾಯಿಗೆ ಮೂರು ಇಡ್ಲಿ ತಿಂದೆವು. ಪರದೆಯಲ್ಲಿ ನೂರ ಎಂಟು ಕಿಲೋಮೀಟರ್ ಉಳಿದಿತ್ತು, ಹೋಗಬೇಕಾದದ್ದು ತೊಂಬತ್ತೆರಡು. ನನಗೆ ಸ್ವಲ್ಪ ಧೈರ್ಯ ಬಂದು ಇನ್ನೊಂದು ಸಲ ಚಟ್ನಿ ಹಾಕಿಸಿಕೊಂಡೆ.

ಚಾಕಿ ಕೇಂದ್ರದಲ್ಲಿ ಧೈರ್ಯ ಇಳಿಯಿತು. ಹಿಂದಿನ ಸೀಟು ಮಡಚಿ ಆರು ತಟ್ಟೆಗಳನ್ನು ಎರಡು ಸಾಲಿನಲ್ಲಿ ಒಂದರ ಮೇಲೊಂದಾಗಿ ಜೋಡಿಸಿದರು. ನೂರು ಮೊಟ್ಟೆ ಎಂದು ಲೆಕ್ಕ, ಆದರೆ ಒಂದೊಂದು ಚಿಟ್ಟೆ ಇಟ್ಟ ಮೊಟ್ಟೆಯ ಗುಂಪಿಗೆ ಒಂದು ಮೊಟ್ಟೆ ಎಂದು ಎಣಿಸುವುದರಿಂದ ತಟ್ಟೆಗಳಲ್ಲಿ ನಲವತ್ತು ಐವತ್ತು ಸಾವಿರ ಹುಳುಗಳಿದ್ದವು. ಎರಡನೇ ಜ್ವರಕ್ಕೆ ಕೂತಿದ್ದವು. ಅಕ್ಕಿಕಾಳಿಗಿಂತ ತುಸು ಉದ್ದ, ಅಷ್ಟೇ. ಅಲ್ಲಿಯ ಹೆಂಗಸು ತಟ್ಟೆಗಳ ನಡುವೆ ಒಂದು ಥರ್ಮಾಮೀಟರ್ ಕಟ್ಟಿ, "ಇಪ್ಪತ್ತಾರು ದಾಟ್ಬಾರ್ದು ಕಣಕ್ಕ. ಜ್ವರದಾಗೆ ಸೆಕೆ ತಗುಲಿದ್ರೆ ಏಳಾಕಿಲ್ಲ. ಹನ್ನೊಂದ್ರೊಳಗೆ ಮನೆ ಸೇರ್ಸ್ಬುಡಿ" ಎಂದಳು.

ಎ.ಸಿ. ಹಾಕಿದೆ. ಇಕೋ ತೆಗೆದು ನಾರ್ಮಲ್ ಮಾಡಿದೆ. ಗಾಳಿ ಜೋರಾಗಿ ಹಿಂದಕ್ಕೆ ಬೀಸತೊಡಗಿದಂತೆ ಪರದೆಯ ನೂರ ಎಂಟು ನೂರಾಯಿತು. ಕೇಂದ್ರದ ಗೇಟು ಇನ್ನೂ ದಾಟಿರಲಿಲ್ಲ.

ಮಧುಗಿರಿಗೆ ಮರಳಿದಾಗ ಎಂಟೂವರೆ. ಪೇಟೆಯ ಇಕ್ಕಟ್ಟಿನಲ್ಲಿ ಇ.ವಿ. ಗುಂಡಿ ಒತ್ತಿದೆ. ಎಂಜಿನ್ ಸದ್ದಡಗಿತು. ಮಾವ ಗಾಬರಿಯಾಗಿ, "ಆಫ್ ಆಯ್ತಾ?" ಎಂದರು. ಇಲ್ಲ, ಬ್ಯಾಟರಿಯಲ್ಲಿ ಹೋಗುತ್ತಿದೆ ಎಂದೆ. ಸದ್ದಿಲ್ಲದ ಕಾರಿಗೆ ಯಾರೂ ದಾರಿ ಬಿಡಲಿಲ್ಲ. ಸೊಪ್ಪಿನ ಕಟ್ಟು ಹೊತ್ತ ಮುದುಕಿಯೊಬ್ಬಳ ಬೆನ್ನ ಹಿಂದೆ ನಾವು ನೂರು ಮಾರು ನಡೆದ ಹಾಗೆಯೇ ಹೋದೆವು. ಹಾರ್ನ್ ಒತ್ತಿದರೆ ಹುಳು ಬೆಚ್ಚೀತೇನೋ ಎಂಬ ಅನುಮಾನ ಬೇರೆ. ಊರಾಚೆ ಬಂದಾಗ ಉಳಿದದ್ದು ಎಂಬತ್ತು, ಹೋಗಬೇಕಾದದ್ದು ಎಪ್ಪತ್ತನಾಲ್ಕು.

ಮಧುಗಿರಿಯಿಂದ ಪಾವಗಡದ ದಾರಿ ಬಂಡೆಬೆಟ್ಟಗಳ ನಡುವೆ ಏರುತ್ತ ಇಳಿಯುತ್ತ ಸಾಗುತ್ತದೆ. ಮಿಡಿಗೇಶಿಯ ಕಡೆಗೆ ಮೊದಲ ಉದ್ದನೆಯ ಇಳಿಜಾರು ಬಂದ ಕೂಡಲೇ ಮಾವ ಸೀಟಿನಲ್ಲಿ ನೆಟ್ಟಗೆ ಕೂತರು. "ನ್ಯೂಟ್ರಲ್ ಹಾಕು" ಎಂದರು.

"ಮಾವ, ಈ ಕಾರಿಗೆ ಹಂಗೆ ಹಾಕಬಾರದಂತೆ."

"ಯಾರಂದೋರು? ನಾನು ಇದೇ ದಿಣ್ಣೇಲಿ ದಿನಾ ಅರ್ಧ ಲೀಟ್ರು ಉಳಿಸಿವ್ನಿ. ಐವತ್ತು ಜನ ತುಂಬ್ಕಂಡು. ಗಡಿಯಾರ ಸುಮ್ಕೆ ಕೊಟ್ರಾ ನಂಗೆ?"

ಪುಸ್ತಕದಲ್ಲಿ ಆ ಸಾಲಿನ ಕೆಳಗೆ ನಾನೇ ಪೆನ್ಸಿಲ್ ಗೀಟು ಎಳೆದಿದ್ದೆ. ಆದರೂ ಆ ಗಡಿಯಾರದ ಮುಂದೆ ನನ್ನ ಪುಸ್ತಕ ಸಪ್ಪೆಯೆನಿಸಿತು. ತಿಂಗಳ ಹಿಂದೆ ಕಾರು ಕೊಂಡವಳು ಇಪ್ಪತ್ತೆಂಟು ವರ್ಷದ ಡ್ರೈವರಿಗೆ ಏನು ಹೇಳುವುದು? ನ್ಯೂಟ್ರಲ್ ಹಾಕಿದೆ.

ಕಾರು ಜಾರಿತು. ಮಾವ ಖುಷಿಯಾಗಿ ತೊಡೆ ತಟ್ಟಿಕೊಂಡರು. ನಾನು ಪರದೆ ನೋಡಿದೆ. ಇಳಿಜಾರಿನಲ್ಲಿ ಪೆಡಲಿನಿಂದ ಕಾಲು ತೆಗೆದರೆ ಚಕ್ರಗಳು ಮೋಟಾರನ್ನು ತಿರುಗಿಸಿ ಬ್ಯಾಟರಿ ತುಂಬಿಸಬೇಕು, ಈ ಕಾರಿನ ಉಳಿತಾಯವೆಲ್ಲ ಅದರಲ್ಲೇ ಇದೆ. ನ್ಯೂಟ್ರಲ್ಲಿನಲ್ಲಿ ಆ ಕೊಂಡಿ ಕಳಚಿಬಿಡುತ್ತದೆ. ಎ.ಸಿ. ಮಾತ್ರ ಬ್ಯಾಟರಿಯನ್ನು ಹೀರುತ್ತಲೇ ಇತ್ತು. ಐದು ಗೆರೆ ನಾಲ್ಕಾಯಿತು, ಮೂರಾಯಿತು. ಇಳಿಜಾರು ಮುಗಿದು ಮತ್ತೆ ಓಟದ ‘ಡಿ’ ಗೇರಿಗೆ ಹಾಕಿದ್ದೇ ತಡ, ಎಂಜಿನ್ ಎದ್ದು ಅಬ್ಬರಿಸಿತು. ಬ್ಯಾಟರಿ ತುಂಬಿಸಲು ಪೆಟ್ರೋಲ್ ಸುಡತೊಡಗಿತ್ತು. ಮಿಡಿಗೇಶಿಯ ಹತ್ತಿರ ಬಂದಾಗ ಉಳಿದದ್ದು ನಲವತ್ತೊಂಬತ್ತು, ಹೋಗಬೇಕಾದದ್ದು ಐವತ್ತನಾಲ್ಕು.

ಮೊದಲ ಬಾರಿಗೆ ಲೆಕ್ಕ ತಲೆಕೆಳಗಾಗಿತ್ತು. ಕಾರು ಪಕ್ಕಕ್ಕೆ ನಿಲ್ಲಿಸಿ ಮಾವನಿಗೆ ಎಲ್ಲ ಹೇಳಿದೆ. ನ್ಯೂಟ್ರಲ್ಲಿನಿಂದ ಉಳಿಯಲಿಲ್ಲ, ಹೋಯಿತು ಎಂದೂ ಹೇಳಿದೆ. ಮಾವ ಸಿಟ್ಟಾಗಲಿಲ್ಲ. ಪರದೆಯ ಹತ್ತಿರಕ್ಕೆ ಮುಖ ತಂದು, ಒಂದು ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ಬ್ಯಾಟರಿಯ ಆ ಮೂರು ಗೆರೆಗಳನ್ನು ನೋಡಿದರು.

"ಅಂಗಾರೆ ಇಳಿಜಾರ್ನಾಗೆ ಏನ್ ಮಾಡ್ಬೇಕು?" ಎಂದು ಕೇಳಿದರು.

"ಏನೂ ಮಾಡಬಾರದು ಮಾವ. ಮುಂಚೆಯೇ ಕಾಲು ತೆಗೀಬೇಕು. ಬ್ರೇಕು ಬೇಕಾದರೆ ಮೆತ್ತಗೆ ಒತ್ತಬೇಕು. ಇಳಿಜಾರು ಎಲ್ಲಿ ಶುರುವಾಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೇದು."

"ಅದು ನಂಗೊತ್ತಲ್ಲ" ಎಂದರು ಮಾವ.

ಅಲ್ಲಿಂದ ಮುಂದೆ ಅವರು ಬಲಗೈ ಅಂಗೈಯನ್ನು ಕೆಳಮುಖವಾಗಿ ಹಿಡಿದು ಕೂತರು. ಏರು ಮುಗಿಯುವ ಮೊದಲೇ ಅಂಗೈ ಮೆಲ್ಲಗೆ ಇಳಿಯುತ್ತಿತ್ತು. ನಾನು ಕಾಲು ತೆಗೆಯುತ್ತಿದ್ದೆ, ಕಾರು ತನ್ನಷ್ಟಕ್ಕೆ ದಿಣ್ಣೆಯ ತಲೆ ದಾಟಿ ಇಳಿಯತೊಡಗುತ್ತಿತ್ತು, ಬ್ಯಾಟರಿಯ ಗೆರೆ ಒಂದೊಂದೇ ಏರುತ್ತಿತ್ತು. "ಮೋರಿ ಆದ್ಮೇಲೆ ಎಡಕ್ಕೆ ತಿರುವು, ಈಗ್ಲೇ ಬುಟ್ಬುಡು." "ಇನ್ನೆರಡು ಹುಣಸೇಮರ, ಆಮೇಲೆ." ಮರಗಳು ಈಗ ಇರಲಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದಿದ್ದರು. ಇಳಿಜಾರು ಮಾತ್ರ ಅವರು ಹೇಳಿದಲ್ಲೇ ಇತ್ತು.

ಪಾವಗಡಕ್ಕೆ ಮೊದಲು ದಾರಿ ಸ್ವಲ್ಪ ದೂರ ಆಂಧ್ರದೊಳಗೆ ಹಾಯುತ್ತದೆ. ಅಲ್ಲಿ ಮುಷ್ಕರವಿಲ್ಲ, ಅಲ್ಲೊಂದು ಬಂಕಿದೆ ಎಂಬ ಆಸೆ ನನ್ನ ಮನಸ್ಸಿನ ಮೂಲೆಯಲ್ಲಿತ್ತು. ನಮ್ಮ ಕಡೆ ಅಗ್ಗವೆಂದು ಅವರು ಇತ್ತ ಬಂದು ತುಂಬಿಸಿಕೊಳ್ಳುವುದು ಮಾಮೂಲು. ಈಗ ನಮ್ಮವರೆಲ್ಲ ಅಲ್ಲಿ ಸಾಲುಗಟ್ಟಿದ್ದರು. ಬೈಕಿನ ಮೇಲೆ ಟವೆಲ್ ಹೊದ್ದು ಕೂತಿದ್ದ ಒಬ್ಬನನ್ನು ಕೇಳಿದೆ. "ಇಂಕಾ ಟ್ಯಾಂಕರೇ ರಾಲೇದಮ್ಮ, ಇನ್ನೂ ಬಂದೇ ಇಲ್ಲ. ಆರು ಗಂಟೆಗೆ ಬಂದಿವ್ನಿ ನಾನು. ಹನ್ನೆರಡು ಅಂತಾರೆ, ಒಂದು ಅಂತಾರೆ" ಎಂದ.

ಗಂಟೆ ಹತ್ತಾಗುತ್ತಿತ್ತು. ಮಾವ ಹಿಂದಕ್ಕೆ ಬಾಗಿ ಥರ್ಮಾಮೀಟರ್ ನೋಡಿದರು. ಇಪ್ಪತ್ತಾರು. ನಿಂತು ಕಾದರೆ ಎ.ಸಿ.ಗೇ ಇದ್ದದ್ದೂ ಮುಗಿಯುತ್ತದೆ. ಹೋದರೆ ನಡುದಾರಿಯಲ್ಲಿ ನಿಲ್ಲಬಹುದು. ಮಾವ ನನ್ನ ಮುಖವನ್ನೇ ನೋಡಿದರು. ಹೋಗೋಣ ಎಂದೆ.

ಬಿಸಿಲು ಬಲಗಡೆಯಿಂದ ಹೊಡೆಯುತ್ತಿತ್ತು. ಆ ಕಡೆಯ ಕಿಟಕಿಗೆ ಬೆಡ್‌ಶೀಟ್ ಸಿಕ್ಕಿಸಿದ್ದೆ. ಪಾವಗಡದ ಬಂಡೆಕೋಟೆ ಕಾಣಿಸುವ ಹೊತ್ತಿಗೆ ಮಾವನ ತಲೆ ಎದೆಯ ಮೇಲೆ ವಾಲಿತು. ನಿದ್ದೆ ಹೋದರೆಂದುಕೊಂಡೆ. ಉಳಿದದ್ದು ಹದಿನೆಂಟು, ಹೋಗಬೇಕಾದದ್ದು ಇನ್ನೂ ಹತ್ತೊಂಬತ್ತು ಇಪ್ಪತ್ತು. ಪೆಟ್ರೋಲಿನ ದೀಪ ಹಳದಿಯಾಗಿ ಹೊತ್ತಿಕೊಂಡಿತು. ನನ್ನ ಬೆರಳು ಇಕೋ ಗುಂಡಿಯ ಮೇಲೆ ಹೋಗಿ, ಹಿಂದೆ ಬಂದು, ಮತ್ತೆ ಹೋಯಿತು. ಒತ್ತಿದೆ. ಗಾಳಿ ಸಣ್ಣಗಾಯಿತು. ಹಿಂದೆ ಐವತ್ತು ಸಾವಿರ ಜೀವ ಇವೆ, ಅವಕ್ಕೆ ಕೂಗಲೂ ಬಾರದು ಎಂದು ನೆನೆದು ಅಳು ಬಂದಂತಾಯಿತು. ಅರ್ಧ ಗಂಟೆ ಹಾಗೆಯೇ ಓಡಿಸಿದೆ. ಸೋಲಾರ್ ಹಲಗೆಗಳ ಬಯಲು ಬಂದು ಹೋಯಿತು, ನಾಗಲಮಡಿಕೆ ಬಂದು ಹೋಯಿತು. ಮಾವನ ಊರಿನ ತಿರುವಿನಲ್ಲಿ ಇಕೋ ತೆಗೆದು ಮತ್ತೆ ನಾರ್ಮಲ್ ಮಾಡಿದೆ. ಮಾವ ಕಣ್ಣು ಬಿಟ್ಟು, "ಬಂದ್ವಾ?" ಎಂದರು.

ಪರದೆಯಲ್ಲಿ ನಾಲ್ಕು ಕಿಲೋಮೀಟರ್ ಉಳಿದಿತ್ತು. ಥರ್ಮಾಮೀಟರ್ ಇಪ್ಪತ್ತೊಂಬತ್ತು ತೋರಿಸುತ್ತಿತ್ತು. ಅತ್ತೆ ಹುಳುಮನೆಯ ಬಾಗಿಲಿಗೆ ಒದ್ದೆ ಗೋಣಿತಾಟು ಕಟ್ಟಿಕೊಂಡು ಕಾಯುತ್ತಿದ್ದರು. ಥರ್ಮಾಮೀಟರ್ ನೋಡಿ, ತಟ್ಟೆಗಳನ್ನು ಒಂದೊಂದಾಗಿ ಒಳಗೆ ಒಯ್ದರು. "ನಾಳೆ ಎದ್ರೆ ಎದ್ವು" ಎಂದಷ್ಟೇ ಹೇಳಿ ನನಗೆ ಮುದ್ದೆ, ಹುರುಳಿಸಾರು ಬಡಿಸಿದರು. ಎರಡನೇ ಮುದ್ದೆ ನನಗೆ ಇಳಿಯಲಿಲ್ಲ.

ಮಧ್ಯಾಹ್ನ ಮಾವ ನೆರೆಯವರ ಬೈಕಿನಿಂದ ಎರಡು ಲೀಟರ್ ಇಳಿಸಿ ಕಾರಿಗೆ ಹಾಕಿಸಿಕೊಟ್ಟರು. ಹಿಂದಿರುಗುವಾಗ ಆಂಧ್ರದ ಬಂಕಿಗೆ ಟ್ಯಾಂಕರ್ ಬಂದಿತ್ತು, ಸಾಲಿನಲ್ಲಿ ಒಂದೂವರೆ ಗಂಟೆ ನಿಂತು ತುಂಬಿಸಿಕೊಂಡೆ. ಶಿರಾದವರೆಗೆ ಎ.ಸಿ. ಹಾಕಲು ಮನಸ್ಸು ಬರಲಿಲ್ಲ. ಪ್ರತಿ ದಿಣ್ಣೆಯಲ್ಲೂ ಪಕ್ಕದ ಖಾಲಿ ಸೀಟಿನ ಕಡೆ ನೋಡಿ ಕಾಲು ತೆಗೆದೆ.

ಮರುದಿನ ಕಚೇರಿಗೆ ಹೊರಡುವಾಗ ಮಾವನ ಫೋನ್ ಬಂತು. "ಐದು ತಟ್ಟೆ ಎದ್ದವೆ ಕಣಮ್ಮ, ಸೊಪ್ಪು ಹಾಕಿದೀವಿ, ತಿಂತಾ ಅವೆ. ಬಲಗಡೆ ಮೇಲ್ಗಡೇದು ಅರ್ಧಕ್ಕರ್ಧ ಹೋಗೈತೆ. ನಾನು ನ್ಯೂಟ್ರಲ್ ಹಾಕ್ಸಿದ್ದಕ್ಕೇ ಹಿಂಗಾತು ಅಂತ ನಿಮ್ಮತ್ತೇಗೆ ಹೇಳಿವ್ನಿ" ಎಂದರು.

ನನಗೆ ತಡೆಯಲಾಗಲಿಲ್ಲ. "ಅದಲ್ಲ ಮಾವ. ನೀವು ಮಲಗಿದ್ದಾಗ ಇಕೋ ಒತ್ತಿಬಿಟ್ಟೆ. ಪೆಟ್ರೋಲ್ ಸಾಲದು ಅಂತ ಹೆದರಿ, ಹೇಳದೇನೇ ಒತ್ತಿದೆ."

ಆ ಕಡೆ ಅತ್ತೆ ಸೊಪ್ಪು ಹೆಚ್ಚುವ ಸದ್ದು ಸಣ್ಣಗೆ ಕೇಳಿಸುತ್ತಿತ್ತು.

"ಗೊತ್ತು. ಗಾಳಿ ಸಣ್ಣಗಾಗ್ತಿದ್ದಂಗೇ ಎಚ್ಚರ ಆತು ನಂಗೆ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

"ರೋಡಲ್ಲಿ ನಿಂತಿದ್ರೆ ಆರೂ ತಟ್ಟೆ ಹೋಗೋವು. ಓಡ್ಸೋಳು ನೀನು, ನಾನು ಇನ್ನೊಂದ್ಸಲ ಬಾಯಿ ಹಾಕೋದು ಬ್ಯಾಡ ಅಂತ ಕಣ್ಮುಚ್ಕಂಡು ಕೂತಿದ್ದೆ" ಎಂದರು. ಆಮೇಲೆ ದನಿ ತಗ್ಗಿಸಿದರು. "ನಿಮ್ಮತ್ತೇಗೆ ಮಾತ್ರ ನ್ಯೂಟ್ರಲ್ ಅಂತ್ಲೇ ಇರ್ಲಿ ಬುಡು. ನನ್ನ ಬಯ್ಯೋದು ಅವ್ಳಿಗೆ ರೂಢಿ ಐತೆ."